ಝುಣಕದ ಜ್ವಾಲಾಮುಖಿ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಪ್ಪನ್ನು ಮಕ್ಕಳ ಮೇಲೆ ಹಾಕಬಾರದು: ಆ ದಿನ ಒಂಬತ್ತನೇ ತರಗತಿಯಲ್ಲಿ ಆದ ಅನಾಹುತಕ್ಕೆ ಕಾರಣ ನಾನು. ಮಕ್ಕಳು ನಾನು ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆಯೇ ಒಪ್ಪಿಸಿದರು. ಅಷ್ಟು ಶ್ರದ್ಧೆಯ ತರಗತಿಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ನನ್ನ ಮೂರ್ಖತನಕ್ಕೆ ಅಂಥ ಒಳ್ಳೆಯ ಶಿಷ್ಯರು ಸಿಕ್ಕಿದ್ದು ಬೇರೊಬ್ಬರ ದುರದೃಷ್ಟ.

ನನ್ನದೊಂದು ಹಳೆಯ ಚಟ. ಯಾರಾದರೂ ಎದುರು ನಿಂತು ಸ್ವಲ್ಪ ಹೊತ್ತು ಮಾತಾಡಿದರೆ ಸಾಕು, ಅವರ ಧ್ವನಿ ನನ್ನ ಗಂಟಲಿಗೆ ಬಂದು ಕೂತುಬಿಡುತ್ತದೆ. ನಾನು ಬೆಳೆದದ್ದು ದಾಂಡೇಲಿಯ ಬಂಗೂರನಗರದಲ್ಲಿ, ಅಪ್ಪನ ಪೇಪರ್ ಮಿಲ್ಲಿನ ಕ್ವಾರ್ಟರ್ಸಿನಲ್ಲಿ. ಈ ಚಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಡಗಡೆ ಮನೆಯ ಬೆಳಗಾವಿ ಕಾಕು ಮರಾಠಿಯಲ್ಲಿ ಮಾತು ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದಳು. ಬಲಗಡೆಯ ಧಾರವಾಡದ ಮಾಮಾ ಬೈಯುವಾಗಲೂ ‘ರೀ’ ಬಿಡುತ್ತಿರಲಿಲ್ಲ. ಜೊಯಿಡಾ ಬಸ್ಸಿನ ಕಂಡಕ್ಟರ್ ಕೊಂಕಣಿಯಲ್ಲಿ ಟಿಕೆಟ್ ಕೇಳಿ ಕನ್ನಡದಲ್ಲಿ ಸಿಟ್ಟಾಗುತ್ತಿದ್ದ. ಎಲ್ಲರೂ ನನ್ನ ಬಾಯಲ್ಲಿದ್ದರು. ಅವ್ವ ಮಾತ್ರ ಬೇಸತ್ತಿದ್ದಳು. “ಒಂದ್ ಸಲನಾರ ನಿನ್ನ ಬಾಯಿಲೆ ಮಾತಾಡೊ. ಊಟಕ್ಕ ಯಾರ್ನ ಕರೀಲಿ ತಿಳೀವಲ್ತು ನನಗ” ಎನ್ನುತ್ತಿದ್ದಳು. ಅವಳ ಆ ಮಾತನ್ನೂ ನಾನು ಅವಳ ಧ್ವನಿಯಲ್ಲೇ ಅವಳಿಗೆ ತಿರುಗಿಸಿ ಹೇಳುತ್ತಿದ್ದೆ. ಒಮ್ಮೆ ಸೌಟು ಬೀಸಿದಳು. ಅದು ತಾಗಿತು ಎಂಬುದನ್ನು ಇಲ್ಲಿ ಬರೆಯುವ ಅವಶ್ಯಕತೆ ಇಲ್ಲ.

ಇಂಥವನು ಮಾಸ್ತರನಾಗಬೇಕು ಎಂದು ಯಾರಿಗೆ ಅನ್ನಿಸಿತೋ ಗೊತ್ತಿಲ್ಲ, ನನಗಂತೂ ಅನ್ನಿಸಿರಲಿಲ್ಲ. ಡಿಗ್ರಿಯಲ್ಲಿ ಭೂಗೋಳ ಓದಿದ್ದೆ, ಬೇರೇನೂ ತೋಚಲಿಲ್ಲ, ಹಳಿಯಾಳದಲ್ಲಿ ಬಿ.ಎಡ್. ಸೇರಿದೆ. ಅಲ್ಲಿ ನಮ್ಮ ಬ್ಯಾಚಿನಲ್ಲಿ ಚಿಗಳ್ಳಿಯಿಂದ ಬಂದ ಒಬ್ಬರು ಹೆಣ್ಣುಮಗಳಿದ್ದರು. ನಮಗೆಲ್ಲರಿಗಿಂತ ದೊಡ್ಡವರು, ಇಬ್ಬರು ಮಕ್ಕಳ ತಾಯಿ, ಗಂಡನದು ಹೊಲದ ಕೆಲಸ. ತವರು ಹಳಿಯಾಳದ ಹತ್ತಿರವೇ ಒಂದು ಹಳ್ಳಿ. ವಾರವಿಡೀ ಅಲ್ಲಿದ್ದು ಶನಿವಾರ ಮಧ್ಯಾಹ್ನ ಚಿಗಳ್ಳಿಯ ದಾರಿ ಹಿಡಿಯುತ್ತಿದ್ದರು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಮತ್ತೆ ಪುಸ್ತಕ ಹಿಡಿದಿದ್ದರು. ನಾವೆಲ್ಲ ಅವರನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದೆವು. ಅವರಿಗೆ ನಾವೆಲ್ಲ ‘ತಮ್ಮಾ’, ‘ತಂಗೀ’.

ಅಕ್ಕಾರ ಮಾತಿಗೆ ಒಂದು ನಡಿಗೆ ಇತ್ತು. ಶುರುವಾಗುವ ಮುಂಚೆ ಒಂದು ಉದ್ದನೆಯ “ಹೂಂ...”. ನಡುವೆ ಒಂದು “ಹೌದಿಲ್ಲೋ?”, ಯಾರೂ ಉತ್ತರ ಕೊಡದಿದ್ದರೆ ಇನ್ನೊಂದು “ಹೌದಿಲ್ಲೋ?”, ಇದು ಸ್ವಲ್ಪ ಎತ್ತರದ ಸ್ಥಾಯಿಯಲ್ಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಚಾಕ್‌ಪೀಸ್ ಮುಟ್ಟುವುದು. ಹಣೆಯ ಮೇಲೆ ಕೂದಲು ಬಿದ್ದರೆ ಬೆರಳಿನಿಂದ ಸರಿಸುತ್ತಿರಲಿಲ್ಲ, ಮುಂಗೈಯ ಹಿಂಬದಿಯಿಂದ ಮೇಲಕ್ಕೆ ಒತ್ತುತ್ತಿದ್ದರು. ರೊಟ್ಟಿ ಬಡಿಯುವಾಗ ಕೈತುಂಬ ಹಿಟ್ಟಿರುವ ಹೆಂಗಸರು ಮಾಡುವ ಹಾಗೆ. ಕೈಯಲ್ಲಿ ಹಿಟ್ಟಿರಲಿ, ಚಾಕ್ ಇರಲಿ, ಏನೂ ಇಲ್ಲದಿರಲಿ, ಅದೇ ರೀತಿ. ಮೊದಲ ವಾರದಲ್ಲೇ ನಾನು ಅವರನ್ನು ಕಲಿತುಬಿಟ್ಟಿದ್ದೆ. ಹಾಸ್ಟೆಲಿನ ಹುಡುಗರ ಮುಂದೆ ಮಾಡಿ ತೋರಿಸಿದ್ದೂ ಉಂಟು. ಅವರಿಗೆ ಗೊತ್ತಿತ್ತೇ? ಗೊತ್ತಿದ್ದಿರಬೇಕು. ಒಂದು ಸಲ ಕ್ಯಾಂಟೀನಿನಲ್ಲಿ ನನ್ನ ಕಡೆ ನೋಡದೆಯೇ, “ತಮ್ಮಾ, ನನ್ನ ಹೂಂ ಅಷ್ಟ ಉದ್ದ ಇಲ್ಲೋ, ಸ್ವಲ್ಪ ಕತ್ತರಸು” ಅಂದಿದ್ದರು. ಹಾಗೆ ಅಂದವರನ್ನು ಹೆಚ್ಚು ಕಾಡಬಾರದು ಎಂಬ ಬುದ್ಧಿ ನನಗೆ ಬರಬೇಕಿತ್ತು.

ಪಾಠಾಭ್ಯಾಸಕ್ಕೆ ಅಂತ ನಮ್ಮಿಬ್ಬರನ್ನು ಮುಂಡಗೋಡದ ಕಡೆಯ ಒಂದು ಹೈಸ್ಕೂಲಿಗೆ ಹಾಕಿದರು. ನಾನು ಮುಂಡಗೋಡದ ಸೋದರಮಾವನ ಮನೆಯಲ್ಲಿ ಉಳಿದೆ. ಅಕ್ಕಾರಿಗೆ ಅದು ದೇವರೇ ಕೊಟ್ಟ ಹಾಗಾಯಿತು. ಚಿಗಳ್ಳಿಯಿಂದ ಒಂದೇ ಬಸ್ಸು. ಆಮೇಲೆ ಅದಕ್ಕಿಂತ ದೊಡ್ಡದೊಂದು ಸುದ್ದಿ ಬಂತು. ಆ ಶಾಲೆಯ ಭೂಗೋಳದ ಮಾಸ್ತರರು ಬೇಸಿಗೆಗೆ ನಿವೃತ್ತರಾಗುವವರಿದ್ದರು. ಜೂನಿನಿಂದ ಅತಿಥಿ ಶಿಕ್ಷಕರು ಬೇಕು. ಹೆಡ್‌ಮಾಸ್ತರರು ಅಕ್ಕಾರನ್ನು ಕರೆದು ಹೇಳಿದ್ದರು: “ನಿಮ್ಮ ಕೊನೀ ಪಾಠ ನಾನೂ ಕುಂತ ನೋಡ್ತೇನ್ರಿ ಬಾಯಾರ. ಚಲೋ ಆತಂದ್ರ ಕಮಿಟಿಯವರಿಗೆ ನಾ ಹೇಳ್ತೇನಿ.”

ಈ ಒಂದು ಮಾತು ಅವರಿಗೆ ಎಷ್ಟು ಮುಖ್ಯ ಎಂಬುದನ್ನು ಅಕ್ಕಾರು ನನಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಹೇಳಿದ್ದರು. “ನಮ್ಮ ಅತ್ತಿ ಒಂದ ಮಾತ ಹೇಳ್ಯಾಳ. ಓದು, ಬ್ಯಾಡ ಅನ್ನಂಗಿಲ್ಲ. ಆದ್ರ ಮುಂಡಗೋಡ ದಾಟಿ ಹೋಗೂ ನೌಕರಿ ನಮ್ಮ ಮನಿಗೆ ಬ್ಯಾಡ ಅಂತ. ಮುಂಡಗೋಡದಾಗ ಖಾಲಿ ಇರೂದು ಇದೊಂದ ಜಾಗಾ. ಇದ ಸಿಕ್ರ ಸಿಕ್ತು. ಇಲ್ಲಂದ್ರ ಈ ಬಿ.ಎಡ್. ಸರ್ಟಿಫಿಕೇಟಿಗೆ ಕಟ್ಟ ಹಾಕಿಸಿ ದೇವರ ಫೋಟೋದ ಬಾಜೂಕ ತೂಗಹಾಕೂದ.”

“ಸಿಗತೈತ್ರಿ ಅಕ್ಕಾರ. ನಿಮಗಲ್ದ ಇನ್ಯಾರಿಗೆ ಕೊಡ್ತಾರ?” ಅಂದೆ. ಈಗ ಆ ಮಾತನ್ನು ನೆನೆದರೆ ನನ್ನ ನಾಲಗೆಯನ್ನು ನಾನೇ ಕಚ್ಚಿಕೊಳ್ಳುವಂತಾಗುತ್ತದೆ.

ಕೊನೆಯ ಪಾಠಕ್ಕೆ ಅವರಿಗೆ ಬಂದ ವಿಷಯ ಜ್ವಾಲಾಮುಖಿ: ಅದರ ವಿಧಗಳು, ಅದರಿಂದಾಗುವ ಅಪಾಯಗಳು. ನಮ್ಮ ಕಡೆ ಮಕ್ಕಳು ಕಾಡು ನೋಡಿದ್ದಾರೆ, ಕಾಳಿ ಹೊಳೆ ನೋಡಿದ್ದಾರೆ, ಕೆಲವರು ಆನೆಯನ್ನೂ ನೋಡಿದ್ದಾರೆ. ಬೆಂಕಿ ಉಗುಳುವ ಗುಡ್ಡವನ್ನು ಅವರ ತಲೆಯೊಳಗೆ ಹೇಗೆ ಇಡುವುದು? ನಾವೆಲ್ಲ ಆಗಿದ್ದರೆ ಥರ್ಮಾಕೋಲಿನ ಗುಡ್ಡ ಮಾಡಿ, ಕೆಂಪು ಬಣ್ಣ ಬಳಿದು, ಅಡುಗೆ ಸೋಡಾ ಹಾಕಿ ಬುರುಬುರು ಮಾಡಿ ಮುಗಿಸುತ್ತಿದ್ದೆವು. ಅಕ್ಕಾರು ಬೇರೆ ಏನೋ ಮಾಡಿಕೊಂಡಿದ್ದರು.

“ಝುಣಕಾ ಮಾಡತೇನಿ” ಅಂದರು, ಅದೇ ಬಸ್‌ಸ್ಟ್ಯಾಂಡಿನಲ್ಲಿ ಕೂತು.

“ಊಟಕ್ಕೇನ್ರಿ?”

“ಪಾಠಕ್ಕೋ! ಕರೆಂಟ್ ಒಲಿ ತರ್ತೇನಿ. ಎರಡ ಪಾತ್ರಿ. ಒಂದ್ರಾಗ ತೆಳ್ಳನ್ನ ಸಾರು, ಒಂದ್ರಾಗ ಕಡ್ಲಿಹಿಟ್ಟಿನ ಗಟ್ಟಿ ಝುಣಕಾ. ಸಾರು ಕುದೀವಾಗ ಏನ ಮಾಡತೈತಿ? ಹಬೆ ಹಗೂರಕ ಹೊರಗ ಹೋಗತೈತಿ. ಉಕ್ಕಿದ್ರ ಒಲಿ ಮ್ಯಾಲ ಹರದ ಹೋಗತೈತಿ, ಅಗಲಕ್ಕ. ಅದ ಗುರಾಣಿ ಜ್ವಾಲಾಮುಖಿ. ಲಾವಾ ತೆಳ್ಳಗ, ದೂರ ಹರೀತೈತಿ, ಗುಡ್ಡ ಚಪ್ಪಟಿ, ಗುರಾಣಿ ಬೋರಲ ಹಾಕಿದಂಗ. ಝುಣಕಾ ಹಂಗಲ್ಲ. ಗಟ್ಟಿ. ಹಬೆ ಒಳಗ ಸಿಕ್ಕೊಳ್ತೈತಿ. ಸುಮ್ಮನ ಇದ್ದಂಗ ಇರತೈತಿ, ಇರತೈತಿ, ಆಮ್ಯಾಲ ಪಟ್ ಅಂತ ಸಿಡೀತೈತಿ. ನೋಡಿಲ್ಲಿ.” ಮುಂಗೈ ತಿರುಗಿಸಿ ತೋರಿಸಿದರು. ಹಳೆಯ ಸುಟ್ಟ ಗುರುತು. “ಮದವ್ಯಾದ ವರ್ಷದ್ದು. ಆವತ್ತ ನನಗ ಯಾರರ ಪದರು ಜ್ವಾಲಾಮುಖಿ ಅಂದ್ರೇನು ಅಂತ ಕೇಳಿದ್ರ ಹೇಳ್ತಿದ್ದೆ.”

ಪದರು ಜ್ವಾಲಾಮುಖಿ ಎಂದರೆ ಒಂದು ಪದರು ಲಾವಾ, ಒಂದು ಪದರು ಬೂದಿ ಅಂತ ಏರುತ್ತ ಹೋಗುವ ಕಡಿದಾದ ಗುಡ್ಡ. ಸಿಡಿದರೆ ಊರಿಗೆ ಊರೇ ಹೋಗುವಂಥದ್ದು. ಬೂದಿಶಂಕು ಅನ್ನುವ ಚಿಕ್ಕ ಗುಡ್ಡಕ್ಕೆ ಅವರು ಒಗ್ಗರಣೆಯ ಸಾಸಿವೆ ಇಟ್ಟುಕೊಂಡಿದ್ದರು: ಚಟಪಟ ಹಾರಿದ್ದೆಲ್ಲ ಸುತ್ತಲೇ ಬಿದ್ದು ಗುಡ್ಡೆಯಾಗುತ್ತದಲ್ಲ, ಹಾಗೆ. ಕ್ಯಾಲ್ಡೆರಾಕ್ಕೆ ಉಬ್ಬಿದ ಜೋಳದ ರೊಟ್ಟಿ. ಹಬೆ ಹೋದ ಮೇಲೆ ಮೇಲ್ಪದರು ಕುಸಿದು ತಗ್ಗು ಬೀಳುತ್ತದೆ. ಒಳಗಿನ ಶಿಲಾಪಾಕ ಖಾಲಿಯಾದಾಗ ಗುಡ್ಡದ ನೆತ್ತಿಯೂ ಹಾಗೆಯೇ ಕುಸಿಯುತ್ತದೆ. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಡಿಗ್ರಿಯಲ್ಲಿ ಮೂರು ವರ್ಷ ನಾನು ಬಾಯಿಪಾಠ ಮಾಡಿದ್ದನ್ನು ಇವರು ಒಂದು ಹೊತ್ತಿನ ಅಡುಗೆಯಲ್ಲಿ ಮುಗಿಸಿದ್ದರು.

ಅಪಾಯಗಳ ಭಾಗ ಅವರಿಗೆ ಇನ್ನೂ ಪ್ರೀತಿಯದು. “ಮಂದಿ ಬೆಂಕಿಗೆ ಅಂಜತಾರ. ಲಾವಾ ಬರೂದು ಕಾಣತೈತಿ, ಬಹಳ ಸಲ ನಡಕೋತ ಹೋದ್ರೂ ಪಾರಾಗಬಹುದು. ಕೊಲ್ಲೂವು ಬ್ಯಾರೆ. ಬಿಸಿ ಬೂದಿ, ಗಾಳಿ ಕೂಡಿ ಮೋಡ ಆಗಿ ಗುಡ್ಡದಿಂದ ಇಳೀತೈತಲ್ಲ, ಅದರ ಮುಂದ ಯಾವ ಗಾಡೀನೂ ನಡ್ಯಂಗಿಲ್ಲ. ಬೂದಿ ಅಂದ್ರ ಒಲೀ ಬೂದಿ ಅಲ್ಲ ಮತ್ತ, ಕಲ್ಲಿನ ಪುಡಿ, ಗಾಜಿನ ಪುಡಿ. ಹಂಚಿನ ಮ್ಯಾಲ ಕುಂತು ಮಳಿ ಬಿತ್ತಂದ್ರ ಮಾಡ ಸುದ್ದಾ ಕುಸೀತೈತಿ. ಅದ ಬೂದಿ ಮಳ್ಯಾಗ ಕೆಸರಾಗಿ ಹಳ್ಳ ಹಿಡದ ಇಳದ್ರ ಕೆಳಗಿನ ಊರ ಹೋತು. ಜ್ವಾಲಾಮುಖಿ ಸುಮ್ಮನಾಗಿ ಎಷ್ಟೋ ದಿನಾ ಆದಮ್ಯಾಲೂ ಬರತೈತಿ ಅದು.”

ಆಮೇಲೆ ಹಗೇವಿನ ಮಾತು ತೆಗೆದರು. ಅವರ ಅಜ್ಜಿಯ ತವರು ಧಾರವಾಡದ ಕಡೆಯ ಎರೆಭೂಮಿ. ಅಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ಹಗ್ಗ ಕಟ್ಟಿ ದೀಪ ಇಳಿಬಿಡುವುದು. ದೀಪ ಆರಿದರೆ ಕೆಳಗೆ ಕೆಟ್ಟ ಗಾಳಿ ಇದೆ ಅಂತ. “ಜ್ವಾಲಾಮುಖಿ ಬಾಜೂದ ತಗ್ಗಿನಾಗೂ ಹಂಗ. ಭಾರವಾದ ಗಾಳಿ ಕೆಳಗ ಕುಂತಿರತೈತಿ. ಕಣ್ಣಿಗೆ ಕಾಣಂಗಿಲ್ಲ. ದನಾ ಮೇಯಾಕ ಇಳದ್ರ ಅಲ್ಲೇ ಮಲಗೂದ. ಇದನ್ನ ಹೇಳಿದ್ರ ಮಕ್ಳು ಸಾಯೂತನಾ ಮರ್ಯಂಗಿಲ್ಲ, ಹೌದಿಲ್ಲೋ?” ನಾನಿನ್ನೂ ಆ ಹಗೇವಿನೊಳಗೇ ಇದ್ದೆ. “ಹೌದಿಲ್ಲೋ?”

“ಹೌದ್ರಿ ಅಕ್ಕಾರ.”

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಗುಟ್ಟೇನಲ್ಲ, ಬಿ.ಎಡ್. ಮಾಡಿದವರಿಗೆಲ್ಲ ಗೊತ್ತು. ಕೊನೆಯ ಪಾಠಕ್ಕೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಅವರ ಎದುರಿಗೆ ಪ್ರಶ್ನೆ ಕೇಳಿದಾಗ ಮಕ್ಕಳು ಮಿಕಮಿಕ ನೋಡುತ್ತ ಕೂತರೆ ಮಾಸ್ತರನ ಗತಿ ಮುಗಿಯಿತು. ಅದಕ್ಕಾಗಿ ಹಿಂದಿನ ದಿನವೇ ತರಗತಿಯನ್ನು ‘ತಯಾರು’ ಮಾಡುವುದು. ಪ್ರಶ್ನೆಗಳನ್ನು ಕೇಳಿಸಿ, ಉತ್ತರ ಹೇಳಿಸಿ, ಯಾರು ಯಾವುದನ್ನು ಹೇಳಬೇಕು ಎಂದು ಹಂಚಿಬಿಡುವುದು. ಮಕ್ಕಳೂ ಇದರಲ್ಲಿ ಪಳಗಿದವರು. ನಾನು ಹೋದ ಮೊದಲ ದಿನವೇ ಒಬ್ಬ ಕೇಳಿದ್ದ: “ಸರ್ರ, ಉತ್ತರ ಬರೂವ್ರು ಬಲಗೈ, ಬರದವ್ರು ಎಡಗೈ, ಹಂಗನ ಹೌದಲ್ರಿ?” ಹೋದ ವರ್ಷದವರು ಕಲಿಸಿ ಹೋಗಿದ್ದರು. ಪರೀಕ್ಷಕರಿಗೆ ಕಾಣುವುದು ಮೇಲೆದ್ದ ಕೈಗಳ ಕಾಡು ಮಾತ್ರ.

ಪಾಠದ ಹಿಂದಿನ ದಿನ ಅಕ್ಕಾರ ಮನೆಗೆ ಗೋವಿನಜೋಳ ಒಕ್ಕುವ ಮಷಿನ್ ಬರುವುದಿತ್ತು. ಮಷಿನ್ ಊರಿಗೆ ಬಂದಾಗ ಕೈಬಿಟ್ಟರೆ ಮತ್ತೆ ಯಾವಾಗಲೋ. ಆಳುಗಳಿಗೆ ಅಡುಗೆ ಆಗಬೇಕು, ಅತ್ತೆಗೆ ಒಬ್ಬಳಿಗೇ ಆಗುವುದಿಲ್ಲ. ನನಗೆ ಫೋನ್ ಮಾಡಿದರು: “ತಮ್ಮಾ, ನಾಳೆ ನನಗ ಬರಾಕ ಆಗಂಗಿಲ್ಲ. ಒಂಬತ್ತನೇತ್ತೇದವ್ರನ್ನ ನೀನ ಸ್ವಲ್ಪ ತಯಾರ ಮಾಡೊ. ನಾ ಹೇಳಿದ್ದೆಲ್ಲಾ ನಿನಗ ನೆನಪೈತಿ ಹೌದಿಲ್ಲೋ?”

“ಎಲ್ಲಾ ನೆನಪೈತ್ರಿ. ನಿಮ್ಮ ಹೂಂ ಸುದ್ದಾ.”

“ಭಾಡ್ಯಾ” ಎಂದು ನಕ್ಕು ಫೋನಿಟ್ಟರು.

ಮರುದಿನ ಮಧ್ಯಾಹ್ನದ ಊಟದ ಮೇಲಿನ ಪೀರಿಯಡ್. ಮಕ್ಕಳು ಅನ್ನ ಉಂಡು ತೂಕಡಿಸುತ್ತಿದ್ದರು. ನಾನು ಸಭ್ಯವಾಗಿಯೇ ಶುರುಮಾಡಿದೆ, ಆಣೆ ಮಾಡಿ ಹೇಳುತ್ತೇನೆ. ಗುರಾಣಿ ಜ್ವಾಲಾಮುಖಿ ಎಂದರೇನು ಅಂದೆ. ಮುಂದಿನ ಸಾಲಿನ ಹುಡುಗಿ ಆಕಳಿಸಿದಳು. ಎರಡನೇ ಸಲ ಕೇಳಿದೆ. ಇಡೀ ಸಾಲು ಆಕಳಿಸಿತು. ಆಗ ನನಗೆ ಆ ದರಿದ್ರ ಬುದ್ಧಿ ಬಂತು. ಹೆಗಲ ಮೇಲಿನ ಟವೆಲ್ಲನ್ನೇ ಸೆರಗು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. “ಹೂಂ... ಈಗ ನೋಡ್ರಿ ಮಕ್ಳ, ಸಾರು ಉಕ್ಕಿದ್ರ ಏನಾಗತೈತಿ?” ಅಂದೆ.

ತರಗತಿ ಎದ್ದು ಕೂತಿತು. ಒಬ್ಬ ಬೆಂಚಿನಿಂದ ಬಿದ್ದೇಬಿಟ್ಟ. ಅಲ್ಲಿಂದ ಮುಂದೆ ಪಾಠ ಓಡಿತು. ಸಾರು, ಝುಣಕಾ, ಸಾಸಿವೆ, ರೊಟ್ಟಿ; ಒಂದೊಂದನ್ನೂ ಅಕ್ಕಾರ ಧ್ವನಿಯಲ್ಲಿ ಹೇಳಿ, “ಮೇಡಮ್ಮಾರು ಹೆಂಗ ಹೇಳ್ತಾರ? ಹೇಳ್ರಿ ನೋಡೂಣು” ಅಂತ ಹೇಳಿಸಿದೆ. ಸರಿಯಾಗಿ ಬಾರದಿದ್ದರೆ ತಿದ್ದಿದೆ. ಉತ್ತರವನ್ನಲ್ಲ, ದನಿಯನ್ನು! “ಹೂಂ ಇನ್ನೊಂಚೂರು ಮೂಗಿನಿಂದ ಬರಬೇಕು. ಕೂದಲಾ ಹಂಗಲ್ಲ, ಮುಂಗೈಲೆ ಒತ್ತು.” ನಾನು ಅಷ್ಟು ತಾಳ್ಮೆಯಿಂದ ಯಾರಿಗೂ ಏನನ್ನೂ ಕಲಿಸಿರಲಿಲ್ಲ. ಮಕ್ಕಳೂ ಅಷ್ಟು ಬೇಗ ಏನನ್ನೂ ಕಲಿತಿರಲಿಲ್ಲ. ಅಪಾಯಗಳ ಭಾಗಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ನಾಳೆ ನಿಮ್ಮ ನಿಮ್ಮ ಬಾಯಿಂದಲೇ ಹೇಳಿ ಎಂದು ಒಂದು ಮಾತು ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮರೆತೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಅದು ಅರ್ಧ ಸುಳ್ಳು. ಬಾಗಿಲ ಹತ್ತಿರ ಹೋಗಿದ್ದಾಗ ನೆನಪಾಗಿತ್ತು. ಹೇಳದಿದ್ದರೆ ಏನಾಗುತ್ತದೋ ನೋಡೋಣ ಎಂಬ ಒಂದು ಕಚಗುಳಿಯೂ ಇತ್ತು. ಬಹಳವೆಂದರೆ ಅಕ್ಕಾರು ನಕ್ಕು ‘ಭಾಡ್ಯಾ’ ಅಂದಾರು ಎಂದುಕೊಂಡು ಹೊರಟುಬಿಟ್ಟೆ.

ಮರುದಿನ ಹಿಂದಿನ ಬೆಂಚಿನಲ್ಲಿ ಪರೀಕ್ಷಕರು, ಅವರ ಪಕ್ಕದಲ್ಲಿ ಹೆಡ್‌ಮಾಸ್ತರರು, ಗೋಡೆಗೆ ಒತ್ತಿಕೊಂಡು ನಾನು. ಅಕ್ಕಾರು ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದರು. ಹಿಂದಿನ ದಿನದ ದುಡಿತ ಕಣ್ಣ ಕೆಳಗೆ ಇತ್ತು. ಮೇಜಿನ ಮೇಲೆ ಒಲೆ, ಎರಡು ಪಾತ್ರೆ. ಶುರು ಎಷ್ಟು ಚಂದ ಆಯಿತೆಂದರೆ, ಸಾರು ಉಕ್ಕಿ ಒಲೆಯ ಅಂಚಿನ ಮೇಲೆ ಹರಡಿದಾಗ ಪರೀಕ್ಷಕರು ಎದ್ದು ನಿಂತು ಕತ್ತು ಚಾಚಿ ನೋಡಿದರು. ಝುಣಕ ಪಟ್ ಎಂದು ಸಿಡಿದಾಗ ಮುಂದಿನ ಸಾಲು ಹಿಂದಕ್ಕೆ ಸರಿಯಿತು. ಹೆಡ್‌ಮಾಸ್ತರರು ನನ್ನ ಕಿವಿಯಲ್ಲಿ “ಭಾರೀ ಐತಲ್ರೀ” ಅಂದರು.

ಆಮೇಲೆ ಪ್ರಶ್ನೆ. “ಗುರಾಣಿ ಜ್ವಾಲಾಮುಖಿ ಯಾಕ ಚಪ್ಪಟಿ ಇರತೈತಿ? ಯಾರ ಹೇಳ್ತೀರಿ?”

ಕೈಗಳ ಕಾಡು. ಅಕ್ಕಾರು ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದರು. ಹುಡುಗಿ ಎದ್ದಳು. ದುಪಟ್ಟಾದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಹೂಂ... ಈಗ ನೋಡ್ರಿ ಮಕ್ಳ, ಸಾರು ತೆಳ್ಳಗ ಇರತೈತಿ, ಹರದ ಹೋಗತೈತಿ, ಹೌದಿಲ್ಲೋ? ಹೌದಿಲ್ಲೋ?” ಎಂದು ಎರಡನೆಯದನ್ನು ಎತ್ತರಿಸಿ, ಕೂತಳು. ಮುಖದಲ್ಲಿ ಕುಚೇಷ್ಟೆಯ ಎಳೆಯೂ ಇಲ್ಲ. ಸರಿಯಾಗಿ ಒಪ್ಪಿಸಿದ ಸಮಾಧಾನ ಮಾತ್ರ.

ಅಕ್ಕಾರು ಸಣ್ಣಗೆ ನಕ್ಕರು. ಒಂದು ಮಗು, ಏನೋ ತಮಾಷೆ. “ಶಾಬ್ಬಾಸ್” ಎಂದು ಮುಂದಿನದನ್ನು ಕೇಳಿದರು. ಎದ್ದವನು ಒಬ್ಬ ಹುಡುಗ. “ಹೂಂ...” ಎಂದು ಮೂಗಿನಿಂದ ಎಳೆದ, ಮುಂಗೈಯಿಂದ ಇಲ್ಲದ ಕೂದಲನ್ನು ಮೇಲಕ್ಕೆ ಒತ್ತಿದ, ಝುಣಕದ ಹಬೆಯ ಸಂಗತಿಯನ್ನು ತಪ್ಪಿಲ್ಲದೆ ಹೇಳಿದ, ಕಡೆಗೆ ತನ್ನ ಮುಂಗೈ ತಿರುಗಿಸಿ, “ನೋಡ್ರಿಲ್ಲಿ, ಮದವ್ಯಾದ ವರ್ಷದ್ದು” ಎಂದ.

ಪರೀಕ್ಷಕರು ಗೊಳ್ಳೆಂದು ನಕ್ಕುಬಿಟ್ಟರು. ಹೆಡ್‌ಮಾಸ್ತರರು ಕರವಸ್ತ್ರವನ್ನು ಬಾಯಿಗಿಟ್ಟುಕೊಂಡರು. ಅವರು ನಕ್ಕದ್ದನ್ನು ಕಂಡು, ಇದು ಬಹಳ ಸರಿಹೋಗುತ್ತಿದೆ ಎಂದುಕೊಂಡು ಉಳಿದ ಮಕ್ಕಳು ಇನ್ನೂ ಹುರುಪಿನಿಂದ ಕೈ ಎತ್ತಿದರು. ಎಲ್ಲ ಬಲಗೈಗಳೇ.

ಅಕ್ಕಾರು ಮಕ್ಕಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಸಿಟ್ಟಿನ ನೋಟವಾಗಿದ್ದರೆ ನನಗೆ ನಕಲು ಮಾಡಲು ಬರುತ್ತಿತ್ತು. ಅದು ಸಿಟ್ಟಲ್ಲ. ಮದುವೆಯ ವರ್ಷದ ಆ ಗುರುತನ್ನು ಅವರು ಬಸ್‌ಸ್ಟ್ಯಾಂಡಿನಲ್ಲಿ ನನಗೆ ಮಾತ್ರ ತೋರಿಸಿದ್ದರು.

ಅಲ್ಲಿಂದ ಮುಂದೆ ಅವರ ಬಾಯಿಂದ ಒಂದೂ ‘ಹೂಂ’ ಬರಲಿಲ್ಲ. ಸೊಂಟದಿಂದ ಸೆರಗು ತೆಗೆದು ಹೆಗಲ ತುಂಬ ಹೊದ್ದುಕೊಂಡರು. ಕೂದಲು ಹಣೆಗೆ ಬಿದ್ದದ್ದು ಬಿದ್ದ ಹಾಗೆಯೇ ಇತ್ತು, ಕೈ ಎತ್ತಲಿಲ್ಲ. ಪುಸ್ತಕ ತೆರೆದರು. “ಜ್ವಾಲಾಮುಖಿಯಿಂದ ಉಂಟಾಗುವ ಅಪಾಯಗಳು ಈ ಕೆಳಗಿನಂತಿವೆ” ಎಂದು ಪುಸ್ತಕದ ಕನ್ನಡದಲ್ಲಿ, ಯಾರದೂ ಅಲ್ಲದ ದನಿಯಲ್ಲಿ ಓದಿದರು. ಹಂಚಿನ ಮಾಡಿನ ಮೇಲಿನ ಬೂದಿ ಬರಲಿಲ್ಲ, ಹಳ್ಳ ಹಿಡಿದು ಇಳಿಯುವ ಕೆಸರು ಬರಲಿಲ್ಲ, ಹಗೇವಿನೊಳಗೆ ಇಳಿಬಿಟ್ಟ ದೀಪ ಬರಲಿಲ್ಲ. ಒಲೆಯನ್ನು ಆರಿಸುವುದನ್ನೂ ಮರೆತಿದ್ದರು. ಝುಣಕ ಒಂದೇ ತನ್ನ ಪಾಡಿಗೆ ಪಟ್, ಪಟ್ ಎನ್ನುತ್ತಿತ್ತು.

ಪಾಠ ಮುಗಿದ ಮೇಲೆ ಪರೀಕ್ಷಕರು ಮರ್ಯಾದೆಯಿಂದಲೇ ಹೇಳಿದರು: “ಶುರು ಬಹಳ ಚಲೋ ಇತ್ರಿ. ಆಮ್ಯಾಲ ಯಾಕೋ ಬರೇ ಪುಸ್ತಕ ಓದಿದ್ರಿ. ಕ್ಲಾಸಿನ ಮ್ಯಾಲ ನಿಮ್ಮ ಹಿಡಿತ ಇರಬೇಕಾಗತೈತಿ.” ಅಕ್ಕಾರು “ಹೌದ್ರಿ” ಅಂದರು. ಆ ‘ಹೌದ್ರಿ’ ಕೂಡ ಒಂದೇ ಸಲ.

ಇಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೂ ಅರ್ಧ ಉಳಿಯುತ್ತಿತ್ತು. ಅಕ್ಕಾರು ಪಾತ್ರೆ ತೊಳೆಯಲು ನಳದ ಹತ್ತಿರ ಹೋಗಿದ್ದರು. ಸ್ಟಾಫ್ ರೂಮಿನಲ್ಲಿ ಝುಣಕ ಹಂಚಿಕೊಂಡು ಎಲ್ಲರೂ ರೊಟ್ಟಿ ತಿನ್ನುತ್ತಿದ್ದರು. ಝುಣಕ ಚೆನ್ನಾಗಿದೆ ಎಂದು ಪ್ರತಿಯೊಬ್ಬರೂ ಹೇಳಿದರು, ಪಾಠದ ಬಗ್ಗೆ ಒಬ್ಬರೂ ಇಲ್ಲ. ಹೆಡ್‌ಮಾಸ್ತರರು, “ಆ ಹುಡುಗರಿಗೆ ಹಂಗ ಯಾರ ಕಲಿಸಿದ್ರೋ ಏನೋ!” ಅಂದರು. ಹೊಗಳಿಕೆಯ ವಾಸನೆ ಬಂತು ನೋಡಿ, ನನ್ನಿಂದ ತಡೆದುಕೊಳ್ಳಲಾಗಲಿಲ್ಲ. “ನಾನ ರೀ ಸರ್” ಅಂದೆ. ಅಷ್ಟೇ ಅಲ್ಲ, ಹೇಗೆ ಕಲಿಸಿದೆ ಎಂದು ಎದ್ದು ನಿಂತು ತೋರಿಸಿಯೂ ಬಿಟ್ಟೆ. ಎಲ್ಲರೂ ನಕ್ಕರು. ಬಾಗಿಲಲ್ಲಿ ತೊಳೆದ ಪಾತ್ರೆ ಹಿಡಿದು ಅಕ್ಕಾರು ನಿಂತಿದ್ದರು. ಒಳಗೆ ಬರಲಿಲ್ಲ. ತಿರುಗಿ ಬಸ್ಸಿಗೆ ಹೋದರು.

ನಮ್ಮ ಪಾಠಾಭ್ಯಾಸ ಮುಗಿಯುವ ದಿನ ಹೆಡ್‌ಮಾಸ್ತರರು ನನ್ನನ್ನು ಕರೆದರು. “ಒಂದ್ ಪೀರಿಯಡ್ಡಿನಾಗ ಮಕ್ಳಿಗೆ ಅಷ್ಟ ಹಿಡಸಬೇಕಂದ್ರ ಸಾಮಾನ್ಯ ಅಲ್ರೀ. ಜೂನ್‌ದಿಂದ ನೀವ ಬರ್ರಲ್ಲ?”

“ಅಕ್ಕಾರಿಗೆ ಅಂದಿದ್ರಲ್ರಿ ಸರ್?”

“ನೋಡಿದ್ನಲ್ಲ. ಪಾಪ, ಒಳ್ಳೇವ್ರು. ಆದ್ರ ಕ್ಲಾಸ ಅವ್ರ ಕೈಯಾಗ ನಿಲ್ಲಂಗಿಲ್ಲ.”

ಕ್ಲಾಸು ಅವರ ಕೈಯಲ್ಲೇ ಇತ್ತು ಸರ್, ನಾನು ಹಿಂದಿನ ದಿನ ಕಸಿದುಕೊಂಡಿದ್ದೆ ಎಂದು ಹೇಳಬೇಕಿತ್ತು. ಎಲ್ಲರ ಧ್ವನಿಯಲ್ಲೂ ಮಾತಾಡುವ ನನಗೆ ಆ ಒಂದು ಮಾತು ಯಾರ ಧ್ವನಿಯಲ್ಲೂ ಬರಲಿಲ್ಲ. “ವಿಚಾರ ಮಾಡ್ತೇನ್ರಿ” ಅಂದೆ. ದಾಂಡೇಲಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ, “ಬಂದದ್ದನ್ನ ಬಿಡಬ್ಯಾಡ” ಅಂದ. ಕತೆಯ ಅರ್ಧ ಭಾಗವನ್ನು ಅಪ್ಪನಿಗೆ ಹೇಳಿರಲಿಲ್ಲ. ಜೂನಿನಲ್ಲಿ ಹೋಗಿ ಸೇರಿಕೊಂಡೆ.

ಕೆಲಸ ಕೆಟ್ಟದ್ದೇನಲ್ಲ. ಮಕ್ಕಳು ನಗುತ್ತಾರೆ, ನಾನೂ ನಗಿಸುತ್ತೇನೆ. ಹೆಡ್‌ಮಾಸ್ತರರನ್ನು ಅವರ ಬೆನ್ನ ಹಿಂದೆ ಗುರಾಣಿ ಜ್ವಾಲಾಮುಖಿ ಎಂದು ಕರೆಯುತ್ತೇನೆ: ಸಿಡಿಯುವುದಿಲ್ಲ, ಆದರೆ ಮೀಟಿಂಗಿನಲ್ಲಿ ಹರಿಯತೊಡಗಿದರೆ ಎಲ್ಲಿಯವರೆಗೆ ಹೋಗುತ್ತಾರೋ ದೇವರೇ ಬಲ್ಲ. ಹೀಗೇ ದಿನಗಳು ಹೋಗುತ್ತಿದ್ದವು. ಜ್ವಾಲಾಮುಖಿಯ ಪಾಠ ಬರುವವರೆಗೆ.

ಆ ದಿನ ಪುಸ್ತಕ ತೆರೆದೆ. ಬೇರೆ ಉದಾಹರಣೆ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೂ ಸಾರು ಮತ್ತು ಝುಣಕದಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ಸರಿ, ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಗೊತ್ತಿಲ್ಲದೆಯೇ “ಹೂಂ...” ಬಂತು. ತಮಾಷೆಗಲ್ಲ. ಆ ಪಾಠ ನನ್ನೊಳಗೆ ಆ ದನಿಯಲ್ಲೇ ಕೂತಿತ್ತು, ಬೇರೆ ದನಿಯಲ್ಲಿ ಹೊರಗೆ ಬರಲು ಅದು ಒಪ್ಪಲಿಲ್ಲ. ಹಗೇವಿಗೆ ದೀಪ ಇಳಿಬಿಡುವ ಮಾತು ಬಂದಾಗ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿದರು. ಒಬ್ಬ ಹುಡುಗಿ ಎದ್ದು ನಿಂತಳು.

“ಸರ್ರ, ಇದು ಆ ಝುಣಕದ ಮೇಡಮ್ಮಾರ ಮಾತಲ್ರಿ? ನಮ್ಮಕ್ಕ ಹೇಳ್ಯಾಳ. ಅವ್ರ ಯಾಕ ಬರಂಗಿಲ್ಲ ಸರ್ರ?”

ನಾನು ಬೋರ್ಡಿನ ಕಡೆ ತಿರುಗಿ ಕ್ಯಾಲ್ಡೆರಾದ ಚಿತ್ರ ಬರೆದೆ. ಬಹಳ ಹೊತ್ತು ಬರೆದೆ. ಅಷ್ಟು ಹೊತ್ತು ಬರೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಭಾನುವಾರ ಚಿಗಳ್ಳಿಗೆ ಹೋದೆ. ಅಕ್ಕಾರು ಅಂಗಳದಲ್ಲಿ ಗೋವಿನಜೋಳ ಹರವಿ ಒಣಗಿಸುತ್ತಿದ್ದರು. ಕಟ್ಟೆಯ ಮೇಲೆ ಓಣಿಯ ನಾಲ್ಕಾರು ಮಕ್ಕಳು ಪಾಟಿ ಹಿಡಿದು ಕೂತಿದ್ದರು. ನನ್ನನ್ನು ಕಂಡು ಅಕ್ಕಾರು ಸೆರಗು ಸರಿಮಾಡಿಕೊಂಡರು, ಸೊಂಟಕ್ಕೆ ಸಿಕ್ಕಿಸಲಿಲ್ಲ.

“ಬಾ ತಮ್ಮಾ. ಚಾ ಕುಡೀತಿಯೇನು?”

“ಬ್ಯಾಡ್ರಿ ಅಕ್ಕಾರ. ಒಂದ್ ಮಾತ ಹೇಳ್ಬೇಕಾಗಿತ್ತು.”

“ಹೇಳು. ಯಾರ ಧ್ವನ್ಯಾಗ ಹೇಳ್ತಿ ಅಷ್ಟ ಮೊದ್ಲ ಹೇಳು.”

ಕಟ್ಟೆಯ ಮಕ್ಕಳು ನಕ್ಕರು. ನಾನು ದಾರಿಯುದ್ದಕ್ಕೂ ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು ಅಂದೆ. ಹೆಡ್‌ಮಾಸ್ತರರ ಮುಂದೆ ಎಲ್ಲ ಬಿಚ್ಚಿ ಹೇಳುತ್ತೇನೆ, ನಾನು ಬಿಡುತ್ತೇನೆ, ನೀವು ಬಂದು ಸೇರಿಕೊಳ್ಳಿ ಅಂದೆ.

ಅಕ್ಕಾರು ಕಾಲಿನಿಂದ ಜೋಳವನ್ನು ತೆಳ್ಳಗೆ ಹರಡುತ್ತಲೇ ಕೇಳಿದರು. “ಬ್ಯಾಡೋ. ಒಂದ ಸಲ ವಿಚಾರ ಮಾಡು. ನಾ ಆ ಕ್ಲಾಸಿನ್ಯಾಗ ಹೋಗಿ ನಿಂತು ಬಾಯಿ ತೆರದ್ರ ಆ ಮಕ್ಳಿಗೆ ಯಾರ ನೆನಪಾಗತಾರ? ನೀ. ನಾನ ನಿನ್ನ ನಕಲು ಮಾಡಾಕ ಹತ್ತೀನಿ ಅಂತಾರ. ನನ್ನ ಮಾತು ನನಗ ಎರವಲು ಆಗೇತಿ ಅಲ್ಲಿ.”

“ಹಂಗ ಅನ್ನಬ್ಯಾಡ್ರಿ...”

“ಇಲ್ಲೇ ಚಲೋ ಐತಿ. ಈ ಹುಡುಗ್ರಿಗೆ ನೀ ಯಾರಂತ ಗೊತ್ತಿಲ್ಲ.” ಹಾಗೆನ್ನುತ್ತ ಜೋಳದ ಮೇಲೆ ಬಂದ ಕೋಳಿಯನ್ನು ಓಡಿಸಿದರು. ಆಗಲೂ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಇನ್ನು ಕೇಳುವುದಕ್ಕೆ ನನ್ನ ಹತ್ತಿರ ಉಳಿದದ್ದು ಒಂದೇ. ಕೇಳಬಾರದಿತ್ತು, ಕೇಳಿದೆ. “ಹೋಗ್ಲಿ ಅಕ್ಕಾರ, ಕೆಲಸ ಬ್ಯಾಡಂದ್ರ ಬ್ಯಾಡ. ಕ್ಷಮಾ ಮಾಡೇನಿ ಅಂತ ಒಂದ ಮಾತರ ಹೇಳ್ರಿ. ಅಷ್ಟ ಸಾಕು ನನಗ.”

ಅಕ್ಕಾರು ನೆಟ್ಟಗೆ ನಿಂತು ನನ್ನ ಮುಖ ನೋಡಿದರು.

“ನನ್ನ ಧ್ವನಿ ನಿನ್ನ ಹತ್ರನ ಐತಲ್ಲೋ ತಮ್ಮಾ, ಕ್ಷಮಾ ಮಾಡೇನಿ ಅಂತ ಅದರಾಗ ನಿನಗ ನೀನ ಹೇಳ್ಕೊ.”